ಹಮಾಲನ ಮನೆಯ ಶಟರ್

"ಗುರುಗಳೇ, ಮನಸ್ಸಿನಲ್ಲಿ ಏನೂ ಏಳದಿದ್ದರೆ ಅದನ್ನು ಶಾಂತಿ ಎನ್ನಬಹುದೇ?" ಎಂದು ಶಿಷ್ಯ ಕೇಳಿದ.

"ಯಾರ ಮನಸ್ಸಿನಲ್ಲಿ?" ಎಂದರು ಗುರುಗಳು.

"ನನ್ನದೇ. ನನಗೊಬ್ಬ ತಮ್ಮ ಇದ್ದಾನೆ. ಹನ್ನೊಂದು ವರ್ಷದ ಹಿಂದೆ ನಾಲ್ಕು ಜನರ ಎದುರು ಅವನು ನನಗೊಂದು ಮಾತು ಅಂದ. ಅಂದಿನಿಂದ ನಾನು ಅವನ ಮನೆಯ ಹೊಸ್ತಿಲು ತುಳಿದಿಲ್ಲ. ಮೊದಮೊದಲು ಊಟ ಸೇರುತ್ತಿರಲಿಲ್ಲ. ಈಗ ಹಾಗಿಲ್ಲ. ಬರುವ ಭಾನುವಾರ ಅವನ ಮಗಳ ಮದುವೆ. ಕರೆಯುವುದಕ್ಕೆ ಅವನೇ ಬಂದಿದ್ದ. ಕುಳಿತ, ಕಾರ್ಡು ಕೊಟ್ಟ, ಎದ್ದು ಹೋದ. ನನ್ನ ಎದೆ ಒಂದಿಷ್ಟೂ ಹೊಡೆದುಕೊಳ್ಳಲಿಲ್ಲ. ಹೋಗಬೇಕೆಂದೂ ಅನ್ನಿಸಲಿಲ್ಲ, ಹೋಗಬಾರದೆಂದೂ ಅನ್ನಿಸಲಿಲ್ಲ. ಎಲ್ಲ ನೆಲಕ್ಕೆ ಇಳಿದುಬಿಟ್ಟಿದೆ. ನೀವು ಹೇಳುವ ವೈರಾಗ್ಯ ಇದೇ ತಾನೇ?"

ಗುರುಗಳು ಮಠದ ಅಡುಗೆಗೆ ಅವರೆಕಾಯಿ ಬಿಡಿಸುತ್ತಿದ್ದರು. ಅರ್ಧ ರಾಶಿಯನ್ನು ಶಿಷ್ಯನ ಮುಂದೆ ಸರಿಸಿದರು.

"ಬಿಡಿಸುತ್ತ ಕೇಳು. ಒಬ್ಬ ಹಮಾಲನ ಕತೆ ಹೇಳುತ್ತೇನೆ," ಎಂದರು.

ಒಂದು ಊರಿನ ಮಾರುಕಟ್ಟೆಯಲ್ಲಿ ಬಾಳಪ್ಪನೆಂಬ ಹಮಾಲನಿದ್ದ. ಮೂವತ್ತೈದು ವರ್ಷ ಮೂಟೆ ಹೊತ್ತ. ಮೆಣಸಿನಕಾಯಿ, ಹತ್ತಿ, ಶೇಂಗಾ, ಏನೇ ಬರಲಿ, ಲಾರಿಯಿಂದ ಇಳಿಸಿದ, ಲಾರಿಗೆ ಏರಿಸಿದ. ಅಷ್ಟು ವರ್ಷದಲ್ಲಿ ಅವನ ಹೆಗಲಿನಿಂದ ಜಾರಿದ ಒಂದು ಮೂಟೆಯೂ ಯಾರ ಕಾಲಿನ ಮೇಲೂ ಬಿದ್ದಿರಲಿಲ್ಲ. ಹೊಸದಾಗಿ ಕೆಲಸಕ್ಕೆ ಬಂದವರಿಗೆ ಅವನು ಒಂದೇ ಪಾಠ ಹೇಳುತ್ತಿದ್ದ. "ಮೊದಲ ನೆಲಕ್ಕ ಇಳಸು. ಆಮ್ಯಾಲ ಹಗ್ಗ ಬಿಚ್ಚು. ನೆಲ ಹಿಡದು ಕುಂತ ಭಾರ ಯಾರಿಗೂ ಏನೂ ಮಾಡೂದಿಲ್ಲ."

ಅರವತ್ತು ತುಂಬಿದ ದಿನ ಹಮಾಲರ ಸಂಘದವರು ಅವನಿಗೆ ಶಾಲು ಹೊದಿಸಿ ಮನೆಗೆ ಕಳಿಸಿದರು.

ಅವನ ಹೆಂಡತಿ ಫಕೀರವ್ವ. ಜೋಳದ ರೊಟ್ಟಿಗೆ ಅವಳ ಕೈ ಹೆಸರಾಗಿತ್ತು. ಮಧ್ಯಾಹ್ನ ಬಾಳಪ್ಪ ಬುತ್ತಿ ಬಿಚ್ಚಿದರೆ ಸುತ್ತ ಕುಳಿತವರು ತಮ್ಮ ಬುತ್ತಿ ಬಿಟ್ಟು ಅವನದಕ್ಕೆ ಕೈ ಹಾಕುತ್ತಿದ್ದರು. ಅವನು ಹೊರೆ ಬಿಟ್ಟ ವಾರವೇ ಅವಳು ಹೇಳಿದಳು. "ಇನ್ನ ನೀವು ಕುಂದರ್ರಿ, ನಾ ಏಳ್ತೀನಿ. ನಾ ಒಂದು ಖಾನಾವಳಿ ತೆಗೀತೀನಿ."

"ತೆಗಿ," ಎಂದ ಬಾಳಪ್ಪ. "ನಾ ನೀರು ಕೊಡ್ತೀನಿ."

ಮನೆಯ ಮುಂದೆ, ರಸ್ತೆಗೆ ಹೊಂದಿಕೊಂಡು, ಹದಿನೈದು ವರ್ಷದ ಹಿಂದೆ ಕಟ್ಟಿಸಿದ ಅವರದೊಂದು ಗ್ಯಾರೇಜು ಇತ್ತು. ಹಿಂದೆ ಅದರಲ್ಲಿ ಅಳಿಯನ ಟೆಂಪೊ ನಿಲ್ಲುತ್ತಿತ್ತು. ಟೆಂಪೊ ಹೋದ ಮೇಲೆ ಫಕೀರವ್ವ ಅಲ್ಲಿ ಒಲೆ ಹೂಡಿಕೊಂಡಿದ್ದಳು. ಗೋಡೆಗೆ ಸುಣ್ಣ ಬಳಿದರು. ಆರು ಬೆಂಚು ಬಂದವು. ದೊಡ್ಡ ತಪೇಲಿ ಬಂತು. ಉಳಿದದ್ದು ಒಂದೇ, ಗ್ಯಾರೇಜಿನ ಕಬ್ಬಿಣದ ಶಟರ್. ಅದು ಮೇಲೆ ಸುತ್ತಿಕೊಂಡಿದ್ದಾಗ ಕೆಳಗೆ ಕುಳಿತವರ ತಲೆಯ ಮೇಲೆ ತುಕ್ಕು ಉದುರುತ್ತಿತ್ತು.

"ಇದರ ಕೆಳಗ ಕುಂತು ಉಂಡ್ರ ಸಾರಿನಾಗ ತುಕ್ಕು ಬೀಳ್ತೈತಿ," ಎಂದಳು ಫಕೀರವ್ವ. "ಬಡಿಗ್ಯಾರು ಕಟಗಿ ಬಾಗಲಾ ಮಾಡಿ ಇಟ್ಟಾರ. ಸಂಜಿಕ ತಂದು ಕುಂದ್ರಸ್ತಾರಂತ. ಅಷ್ಟರೊಳಗ ಈ ಶಟರ್ ತೆಗಸ್ರಿ."

"ತೆಗಸೂದ್ಯಾಕ? ನಾನ ತೆಗೀತೀನಿ."

"ಶಟರ್ ಮೇಸ್ತ್ರಿನ್ನ ಕರೀರಿ ಅಂದ್ರ."

"ಒಂದು ಭಾರ ಇಳಸಾಕ ಬಾಳಪ್ಪ ಮಂದೀನ್ನ ಕರದ ಅಂತ ಪ್ಯಾಟ್ಯಾಗ ಗೊತ್ತಾದ್ರ, ಹೊದಿಸಿದ ಶಾಲು ತಿರುಗಿ ಕೇಳ್ತಾರ."

"ಶಾಲು ಹೋದ್ರ ಹೋಗ್ಲಿ. ನಾಳೆ ಹನ್ನೆರಡಕ್ಕ ನಲವತ್ತು ಮಂದಿ ಉಣ್ಣಾಕ ಬರ್ತಾರ. ನಾ ಎಲ್ಲಾರಿಗೂ ಹೇಳಿ ಬಂದೀನಿ. ನನ್ನ ಮಾತು ಹೋಗಬಾರದು."

"ಹೋಗೂದಿಲ್ಲ," ಎಂದು ಬಾಳಪ್ಪ ಏಣಿ ತಂದ.

ಶಟರ್ ತೆಗೆಯುವ ಕೆಲಸವನ್ನು ಅವನು ಎಂದೂ ಮಾಡಿರಲಿಲ್ಲ. ಆದರೆ ಅವನ ಕಣ್ಣಿಗೆ ಅದು ಎತ್ತರದಲ್ಲಿ ಇಟ್ಟ ಒಂದು ಭಾರ, ಅಷ್ಟೆ. ಭಾರಕ್ಕೆ ಏನು ಮಾಡಬೇಕೆಂಬುದು ಅವನಿಗೆ ಗೊತ್ತಿತ್ತು. ಅವನು ಶಟರನ್ನು ಪೂರ್ತಿ ಕೆಳಗೆ ಎಳೆದ. ಅದರ ಕೆಳ ಅಂಚನ್ನು ಕಾಲಿನಿಂದ ಒತ್ತಿ ನೋಡಿದ. ಚಿಲಕ ಹಾಕಿದ. ಶಟರ್ ನೆಲ ಮುಟ್ಟಿ ನಿಂತಿತು. ಅಲುಗಾಟವಿಲ್ಲ, ಸಪ್ಪಳವಿಲ್ಲ.

"ನೋಡು, ಹೆಂಗ ಸುಮ್ಮನ ಕುಂತೈತಿ," ಎಂದ.

ಒಳಗಿನಿಂದ ಮನೆಗೆ ಒಂದು ಬಾಗಿಲಿತ್ತು. ಫಕೀರವ್ವ ಆ ಬಾಗಿಲಲ್ಲಿ ನಿಂತು ಪಾತ್ರೆಗಳನ್ನು ಜೋಡಿಸುತ್ತಿದ್ದಳು. ಬಾಳಪ್ಪ ಏಣಿ ಹತ್ತಿದ. ಶಟರ್ ಸುತ್ತಿಕೊಳ್ಳುವ ದಪ್ಪ ಪೈಪು ಮೇಲೆ ಅಡ್ಡಲಾಗಿ ಇತ್ತು. ಅದರ ತುದಿಯನ್ನು ಗೋಡೆಯ ಕಬ್ಬಿಣದ ಹಿಡಿಕೆಯೊಂದು ಬೋಲ್ಟಿನಿಂದ ಬಿಗಿಯಾಗಿ ಹಿಡಿದಿತ್ತು. ಬಾಳಪ್ಪ ಬೋಲ್ಟಿಗೆ ಪಾನಾ, ಅಂದರೆ ಸ್ಪ್ಯಾನರ್, ಹಾಕಿ ತಿರುಗಿಸಿದ. ಅದು ಬರಲಿಲ್ಲ. ಇನ್ನಷ್ಟು ಬಲ ಹಾಕಿದ. ಕಿರ್ ಎಂದಿತು.

"ಅದ್ಯಾಕ ಹಂಗ ಒದರ್ತೈತಿ?"

"ತುಕ್ಕು."

"ತುಕ್ಕು ಒದರೂದಿಲ್ರೀ."

ಬಾಳಪ್ಪ ಮತ್ತೊಂದು ಸುತ್ತು ತಿರುಗಿಸಿದ. ಪೈಪು ತಾನಾಗಿ ಹೊರಳಿತು. ಅವನ ಕೈಯಲ್ಲಿದ್ದ ಪಾನಾ ಕಿತ್ತುಕೊಂಡು ಹಾರಿ, ಗ್ಯಾರೇಜಿನ ಈ ತುದಿಯಿಂದ ಆ ತುದಿಗೆ ಹೋಗಿ ಹೊಸ ತಪೇಲಿಗೆ ಬಡಿಯಿತು. ತಪೇಲಿ ಉರುಳಿ ಗೋಡೆಗೆ ತಾಗಿತು. ಇಡೀ ಶಟರ್ ಗಡಗಡ ನಡುಗಿತು. ಪೈಪು ಕಾಲು ಸುತ್ತು ತಿರುಗಿ ಹಿಡಿಕೆಯಲ್ಲಿ ಮತ್ತೆ ಕಚ್ಚಿಕೊಂಡು ನಿಂತಿತು.

ಬಾಳಪ್ಪ ಏಣಿಯ ಮೇಲೆ ಹಾಗೆಯೇ ಇದ್ದ. ಅವನ ಕೈ ಇನ್ನೂ ಪಾನಾ ಹಿಡಿದಂತೆ ಗಾಳಿಯಲ್ಲಿತ್ತು.

ಫಕೀರವ್ವ ಏಣಿಯ ಬುಡಕ್ಕೆ ಬಂದಳು. "ಕೈ ತೋರಸ್ರಿ."

ಅವನು ತೋರಿಸಿದ.

"ಇನ್ನೊಂದು."

ಅದನ್ನೂ ತೋರಿಸಿದ.

"ತಲಿ?"

"ಇರೂದು ಇಲ್ಲೇ ಐತಿ."

"ಇದ್ದಿದ್ರ ಮೇಸ್ತ್ರಿನ್ನ ಕರೀತಿದ್ರಿ," ಎಂದು ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ಇಲ್ಲಿ ಶಿಷ್ಯ ನಕ್ಕ. "ಆದರೆ ಗುರುಗಳೇ, ಅವನು ಮಾಡಿದ್ದು ಸರಿಯಾಗಿಯೇ ಇದೆಯಲ್ಲ. ನೆಲಕ್ಕೆ ಇಳಿಸಿಯೇ ಬಿಚ್ಚಿದ. ನೆಲಕ್ಕೆ ಇಳಿದದ್ದು ಎಗರಿದ್ದು ಹೇಗೆ?"

"ಬಾಳಪ್ಪನೂ ಅದನ್ನೇ ಕೇಳಿದ," ಎಂದರು ಗುರುಗಳು.

ಫಕೀರವ್ವ ಕರೆತಂದ ಮೇಸ್ತ್ರಿಯ ಹೆಸರು ಖಾದರಸಾಬ. ಬಾಳಪ್ಪನಿಗಿಂತ ಹಿರಿಯ. ಊರಿನ ಅರ್ಧ ಶಟರುಗಳನ್ನು ಏರಿಸಿದವನು ಅವನೇ. ಅವನು ಒಳಗೆ ಬಂದು ಏನನ್ನೂ ಮುಟ್ಟದೆ ಸ್ವಲ್ಪ ಹೊತ್ತು ಮೇಲೆ ನೋಡಿದ. ಏಣಿ ಹತ್ತಿದ. ತನ್ನ ಚೀಲದಿಂದ ಪಾನಾ ತೆಗೆದು, ಬಾಳಪ್ಪ ಸಡಿಲ ಮಾಡಿದ್ದ ಬೋಲ್ಟನ್ನು ಬಿಗಿ ಮಾಡಿದ.

"ಬಿಚ್ಚಾಕ ಕರದ್ರ ಬಿಗಿ ಮಾಡಾಕತ್ತೀರಲ್ಲ, ಮೇಸ್ತ್ರಿ," ಎಂದ ಬಾಳಪ್ಪ.

"ಮೊದಲ ಇದು ನಿಂದರ್ಲಿ. ಆಮ್ಯಾಲ ಬಿಚ್ಚೂಣು." ಖಾದರಸಾಬ ಏಣಿ ಇಳಿದ. "ಬಾಳಪ್ಪ, ತೂಕ ನಿನಗ ಗೊತ್ತಾಗ್ತೈತಿ. ಈ ಶಟರ್ ಎಷ್ಟು ಇರಬೇಕು?"

ಬಾಳಪ್ಪ ಒಮ್ಮೆ ಮೇಲಿನಿಂದ ಕೆಳಗೆ ನೋಡಿದ. "ಎರಡು ಮೂಟಿ ಶೇಂಗಾಕ್ಕ ಕಡಿಮಿ ಇಲ್ಲ."

"ಎರಡು ಮೂಟಿ ಫಕೀರವ್ವ ಒಂದ ಕೈಲೆ ಎತ್ತತಾಳೇನು?"

"ಏ, ಎಲ್ಲಿಂದ."

"ದಿನಾ ಮುಂಜಾನೆ ಈ ಶಟರ್ ಎತ್ತಾವ್ರು ಯಾರು?"

"ಆಕಿನ. ಒಲಿ ಹಚ್ಚಿದ ಕೂಡ್ಲೆ ಹೊಗಿ ಹೋಗ್ಲಿ ಅಂತ ಎತ್ತತಾಳ. ಒಂದ ಕೈಲೆ. ಇನ್ನೊಂದು ಕೈಯಾಗ ಚಾದ ಕಪ್ಪು ಇರ್ತೈತಿ."

"ಹಂಗಾರ ಉಳದ ತೂಕ ಯಾರು ಹೊರ್ತಾರ?"

ಬಾಳಪ್ಪ ಶಟರಿನ ಕಡೆ ನೋಡಿದ. ಮೇಲಿನ ಪೈಪಿನ ಕಡೆ ನೋಡಿದ. ಮೂವತ್ತೈದು ವರ್ಷದಲ್ಲಿ ಎತ್ತಿದ ಪ್ರತಿ ಮೂಟೆಗೂ, ಇದರ ತೂಕ ಯಾರ ಮೇಲೆ ಬೀಳುತ್ತದೆ ಎಂದು ಅವನು ಮೊದಲು ಕೇಳಿಕೊಂಡಿದ್ದ. ಈ ಒಂದಕ್ಕೆ ಕೇಳಿಕೊಂಡಿರಲಿಲ್ಲ.

"ಅದರೊಳಗ ಯಾವನೋ ಅದಾನ," ಎಂದ ಕೊನೆಗೆ.

"ಅದಾನ," ಎಂದ ಖಾದರಸಾಬ. "ಸ್ಪ್ರಿಂಗ್ ಅಂತ ಅವನ ಹೆಸರು. ಆ ಪೈಪಿಗೆ ಸುತ್ತಿಕೊಂಡು ಕುಂತಾನ. ನೀ ಶಟರ್ ಕೆಳಗ ಎಳದಷ್ಟೂ ಅವ ಬಿಗೀತಾನ, ಹೊರಿ ಪೂರಾ ಅವನ ಹೆಗಲಿಗೆ ಬೀಳ್ತೈತಿ. ಮ್ಯಾಲ ಎತ್ತಿದಷ್ಟೂ ಅವನಿಗೆ ಹಗುರ. ಶಟರ್ ನೆಲಕ್ಕ ಕುಂತು ಸುಮ್ಮನ ಕಾಣ್ತೈತಲ್ಲ, ಅವಾಗ ಅವ ಎಲ್ಲಾಕ್ಕಿಂತ ಹೆಚ್ಚು ಹೊತ್ತಿರ್ತಾನ. ನೀ ಏನ ಮಾಡಿದಿ? ಅವನ ಹೆಗಲಿಗೆ ಪೂರಾ ಹೊರಿ ಏರಿಸಿದಿ. ಏರಿಸಿ, ಅವನ ಕಾಲ ಹಿಡದು ಎಳದಿ. ಅವ ಒದೀದ ಏನ ಮಾಡ್ಯಾನು?"

ಬಾಳಪ್ಪ ಬೆಂಚಿನ ಮೇಲೆ ಕುಳಿತ. ಎರಡು ಕೈಯನ್ನೂ ಮೊಣಕಾಲ ಮೇಲೆ ಇಟ್ಟುಕೊಂಡ.

"ಹದಿನೈದು ವರ್ಷ," ಎಂದ. "ಹದಿನೈದು ವರ್ಷ ನನ್ನ ಮನಿಯಾಗ ಒಬ್ಬ ಹಮಾಲ ದುಡದಾನ. ನಾ ಅವನ ಮಾರಿ ನೋಡಿಲ್ಲ."

ಹೇಳುತ್ತಿದ್ದಂತೆ ಅವನಿಗೆ ನಗು ಬಂತು. ಮೊದಲು ಸಣ್ಣಗೆ ಬಂತು, ಆಮೇಲೆ ತಡೆಯಲಾಗಲಿಲ್ಲ. ಖಾದರಸಾಬನೂ ನಕ್ಕ. ಸಪ್ಪಳ ಕೇಳಿ ಒಳಬಾಗಿಲಿಗೆ ಬಂದಿದ್ದ ಪಕ್ಕದ ಮನೆಯವರೂ ನಕ್ಕರು.

"ಅವನಿಗೂ ಒಂದು ಶಾಲು ಹೊದಸ್ರಿ," ಎಂದಳು ಫಕೀರವ್ವ.

"ಹೊದಸೂಣು. ಮೊದಲ ಅವನ ಹೊರಿ ಇಳಸೂಣು," ಎಂದು ಬಾಳಪ್ಪ ಎದ್ದ. "ಹೇಳ್ರಿ ಮೇಸ್ತ್ರಿ. ಏನ ಮಾಡ್ಲಿ?"

"ಚಿಲಕ ತೆಗದು ಶಟರ್ ಮ್ಯಾಲ ಎತ್ತು."

"ತೆಗ್ಯಾಕ ಇಳಸೂದಲ್ಲ, ಎತ್ತೂದು."

"ಎತ್ತೂದು."

ಬಾಳಪ್ಪ ಎತ್ತಿದ. ಶಟರ್ ಸುತ್ತಿಕೊಳ್ಳುತ್ತ ಮೇಲೆ ಹೋಯಿತು. ಗ್ಯಾರೇಜಿನೊಳಗೆ ಬೆಳಕು ಬಂತು. ರಸ್ತೆಯಲ್ಲಿ ಆಗಲೇ ಏಳೆಂಟು ಜನ ನಿಂತಿದ್ದರು.

"ಈಗ ಕಟ್ಟು," ಎಂದ ಖಾದರಸಾಬ. "ಸುತ್ತಿದ್ದು ತಿರುಗಿ ಬಿಚ್ಚಿ ಕೆಳಗ ಬರಬಾರದು. ಎರಡು ಕಡೆ ಕಟ್ಟು. ಗಂಟು ಹಾಕೂದು ನಿನಗ ಕಲಸಬೇಕಾಗಿಲ್ಲ."

ಬಾಳಪ್ಪ ತನ್ನ ಹಳೆಯ ಹಗ್ಗ ತಂದು ಸುರುಳಿಯಾದ ಶಟರನ್ನು ಎರಡು ಕಡೆ ಕಟ್ಟಿದ. ಮೇಸ್ತ್ರಿ ಗಂಟನ್ನು ಎಳೆದು ನೋಡಿದ. ಅದು ಜಾರಲಿಲ್ಲ. ಫಕೀರವ್ವ ಬೆಂಚು, ಪಾತ್ರೆ ಎಲ್ಲವನ್ನೂ ಹೊರಗೆ ಸಾಗಿಸಿದಳು. ಕೆಳಗೆ ಯಾರೂ ನಿಲ್ಲಬಾರದೆಂದು ಮೇಸ್ತ್ರಿ ಅವಳನ್ನೂ ಹೊರಗೆ ಕಳಿಸಿದ.

ಪಕ್ಕದ ಮನೆಯಿಂದ ಇನ್ನೊಂದು ಏಣಿ ಬಂತು. ಒಂದರ ಮೇಲೆ ಖಾದರಸಾಬ, ಒಂದರ ಮೇಲೆ ಬಾಳಪ್ಪ. ಇಬ್ಬರ ಕೈಯಲ್ಲೂ ಉದ್ದ ಹಿಡಿಯ ಪೈಪ್ ಪಾನಾ.

"ಮಾರಿ ಆ ಕಡೆ ಇರ್ಲಿ," ಎಂದ ಮೇಸ್ತ್ರಿ. "ಪಾನಾ ಜಾರಿದ್ರ ಅದು ಹೋಗೂ ದಾರಿಯೊಳಗ ನೀ ಇರಬಾರದು. ಮ್ಯಾಲ ಎತ್ತಿದ್ರೂ ಅವ ಪೂರಾ ಸಡಲ ಆಗಿಲ್ಲ. ಶಟರ್ ಮ್ಯಾಲ ನಿಂದರ್ಲಿ ಅಂತ ನಾನ ಅವನಿಗೆ ಐದಾರು ಸುತ್ತು ಬಿಗಿ ಕೊಟ್ಟು ಕುಂದ್ರಿಸಿರ್ತೀನಿ. ಅದನ್ನ ಈಗ ಬಿಚ್ಚಬೇಕು. ನೀ ಪೈಪು ಹಿಡಿ. ನಾ ಬೋಲ್ಟು ಸಡಲ ಮಾಡ್ತೀನಿ."

ಬಾಳಪ್ಪ ಪಾನಾವನ್ನು ಪೈಪಿಗೆ ಕಚ್ಚಿಸಿ ಹಿಡಿದ. ಮೇಸ್ತ್ರಿ ಬೋಲ್ಟು ಸಡಿಲ ಮಾಡಿದ. ಬಾಳಪ್ಪನ ತೋಳಿನ ನರ ಉಬ್ಬಿತು.

"ಎಳೀತೈತಿ, ಮೇಸ್ತ್ರಿ!"

"ಎಳೀಲಿ. ಬಿಡಬ್ಯಾಡ. ತಡದು ನಿಲ್ಲಸಾಕೂ ಹೋಗಬ್ಯಾಡ. ಅದರ ಜೋಡಿ ಕೆಳಗ ಬಾ. ಸಾವಕಾಶ."

ಬಾಳಪ್ಪ ಅದರ ಜೊತೆ ಕೆಳಗೆ ಬಂದ. ಪಾನಾ ಕಾಲು ಸುತ್ತು ಇಳಿಯಿತು. ಅಷ್ಟರಲ್ಲಿ ಖಾದರಸಾಬ ತನ್ನ ಪಾನಾವನ್ನು ಮೇಲಿನಿಂದ ಪೈಪಿಗೆ ಕಚ್ಚಿಸಿದ.

"ಬಂತು ನನಗ. ಈಗ ನೀ ತೆಗಿ."

ಬಾಳಪ್ಪ ತೆಗೆದು ಮತ್ತೆ ಮೇಲಿನಿಂದ ಹಿಡಿದ. ಮೇಸ್ತ್ರಿ ಕಾಲು ಸುತ್ತು ಇಳಿಸಿದ. ಒಬ್ಬನ ಪಾನಾ ಕಚ್ಚುವವರೆಗೆ ಇನ್ನೊಬ್ಬ ಬಿಡುತ್ತಿರಲಿಲ್ಲ. ಮೂರನೆಯ ಸಲಕ್ಕೆ ಬಾಳಪ್ಪನ ಮುಖ ಅರಳಿತು.

"ಏ ಮೇಸ್ತ್ರಿ, ಇದು ಹೆಗಲು ಬದಲಿ!"

"ಅಂದ್ರ?"

"ಏಣಿ ಮ್ಯಾಲ ಒಬ್ಬನ ಹೆಗಲಿಂದ ಇನ್ನೊಬ್ಬನ ಹೆಗಲಿಗೆ ಮೂಟಿ ಹಾಕೂದಿಲ್ಲೇನು? ತಗೊಳ್ಳಾವ ಬಂತು ಅನ್ನೂತನಾ ಕೊಡಾವ ಜಗ್ಗೂದಿಲ್ಲ. ಇದು ಅದ. ಹಿಂಗಂತ ಮೊದಲ ಹೇಳಬಾರದಾ? ಅರ್ಧ ತಾಸು ನನ್ನ ಹೆದರಿಸಿದ್ರಿ."

"ನೀ ಹೆದರಿದ್ದಿ?"

"ಯಾರಿಗೂ ಹೇಳಬ್ಯಾಡ್ರಿ."

ಬೀದಿಯಲ್ಲಿ ನಿಂತವರೆಲ್ಲ ಅದನ್ನು ಕೇಳಿಸಿಕೊಂಡರು.

ಆಮೇಲೆ ಕೆಲಸ ತನ್ನ ಲಯ ಹಿಡಿಯಿತು. ಪ್ರತಿ ಸಲವೂ ಬಾಳಪ್ಪ ಪೈಪಿನೊಳಗಿನವನಿಗೆ ಒಂದು ಮಾತು ಹೇಳುತ್ತಿದ್ದ. "ಇಳಸಪಾ, ಇಳಸು. ಅವಸರ ಇಲ್ಲ. ನಾವು ಇಬ್ಬರು ಅದೀವಿ." ನಾಲ್ಕು ಸುತ್ತು ಆದವು. ಸೆಳೆತ ಕಡಿಮೆಯಾಯಿತು. ಐದು ಆಯಿತು. ಬಾಳಪ್ಪ ಒಂದೇ ಕೈಯಲ್ಲಿ ಹಿಡಿದ. ಆರನೆಯ ಸುತ್ತು ಮುಗಿಯುವ ಮೊದಲು ಪಾನಾ ತನ್ನ ತೂಕಕ್ಕೆ ತಾನೇ ಕೆಳಗೆ ಜೋತುಬಿತ್ತು. ಎಳೆಯುವವರು ಯಾರೂ ಇರಲಿಲ್ಲ.

ಖಾದರಸಾಬ ಪೈಪನ್ನು ಎರಡು ಬೆರಳಿನಿಂದ ಆಚೆ ಈಚೆ ಅಲ್ಲಾಡಿಸಿದ.

"ಮುಗೀತು. ಇನ್ನ ಇದು ಬರೇ ಕಬ್ಬಿಣ."

"ಬರೇ ಕಬ್ಬಿಣ ಆದ್ರ ನನಗ ಬಿಡ್ರಿ," ಎಂದ ಬಾಳಪ್ಪ.

ಅಲ್ಲಿಂದ ಮುಂದೆ ಅವನ ಮಾತು ನಡೆಯಿತು. ನೋಡುತ್ತ ನಿಂತಿದ್ದ ಹಳೆಯ ಜೊತೆಗಾರರಲ್ಲಿ ನಾಲ್ವರನ್ನು ಕರೆದ. ಯಾರು ಎಲ್ಲಿ ನಿಲ್ಲಬೇಕು, ಯಾರು ಮೊದಲು ಹೆಗಲು ಕೊಡಬೇಕು, ಎಲ್ಲ ಹೇಳಿದ. ಕೆಳಗೆ ಗೋಣಿಚೀಲ ಹಾಸಿಸಿದ. ಖಾದರಸಾಬ ತಾನೂ ಒಂದು ತುದಿ ಹಿಡಿಯಲು ಬಂದ.

"ಮೇಸ್ತ್ರಿ, ನೀವು ಹೊರಗ ನಿಂದರ್ರಿ."

"ನಾನೂ ಒಂದು ಕೈ ಹಾಕ್ತೀನೋ."

"ನಿಮ್ಮ ಕಾಲು ನಡುವ ಬರ್ತಾವು. ಮೂವತ್ತೈದು ವರ್ಷ ಯಾರ ಕಾಲ ಮ್ಯಾಲೂ ಹಾಕಿಲ್ಲ. ನಿಮ್ಮಿಂದ ಸುರು ಮಾಡಸಬ್ಯಾಡ್ರಿ."

ಖಾದರಸಾಬ ನಗುತ್ತ ಹೊರಗೆ ಹೋಗಿ ಫಕೀರವ್ವನ ಪಕ್ಕ ನಿಂತ. ಎರಡು ಕಡೆಯ ಹಿಡಿಕೆ ಬಿಚ್ಚಿದರು. ಐದು ಜನ ಒಂದೇ ಉಸಿರಿನಲ್ಲಿ ಭಾರವನ್ನು ತೆಗೆದುಕೊಂಡರು. ಬಾಳಪ್ಪ ಒಂದೊಂದೇ ಮಾತು ಹೇಳುತ್ತಿದ್ದ. ಎರಡು ಮೂಟೆ ಶೇಂಗಾದಷ್ಟು ಕಬ್ಬಿಣ ಗೋಣಿಚೀಲದ ಮೇಲೆ ಬಂದು ಕುಳಿತದ್ದು ಹೊರಗೆ ನಿಂತವರಿಗೆ ಕೇಳಿಸಲಿಲ್ಲ.

"ಇಳೀತೇನು?" ಎಂದು ಕೇಳಿದಳು ಫಕೀರವ್ವ.

"ಆಗಲೇ ಇಳದೈತಿ," ಎಂದ ಖಾದರಸಾಬ. "ಕಸಬುದಾರ ನಿನ್ನ ಗಂಡ."

"ಅದಾರ. ಆದ್ರ ಅವರಿಗೆ ಹೇಳಬ್ಯಾಡ್ರಿ ಕಾಕಾ, ನಾಳೆ ಗೋಡಿ ಇಳಸಾಕ ನಿಲ್ತಾರ."

ಸಂಜೆ ಬಡಿಗರು ಬಂದರು. ಕಟ್ಟಿಗೆಯ ಬಾಗಿಲು ಕೂತಿತು. ಮರುದಿನ ಹನ್ನೆರಡಕ್ಕೆ ನಲವತ್ತು ಜನ ಬರಬೇಕಿತ್ತು, ಅರವತ್ತು ಜನ ಬಂದರು. ಹಿಂದಿನ ದಿನದ ಸಪ್ಪಳ ಅಷ್ಟು ದೂರ ಹೋಗಿತ್ತು. ಫಕೀರವ್ವ ಎದ್ದು ನಿಂತು ಒಮ್ಮೆ ಎಣಿಸಿದಳು, ಆಮೇಲೆ ಎಣಿಸುವುದನ್ನು ಬಿಟ್ಟು ಹಿಟ್ಟಿಗೆ ನೀರು ಹಾಕಿದಳು. ಅವಳ ಅಕ್ಕ ತಂಗಿಯರು ಬಂದು ಕೂತರು. ಮೂರು ಒಲೆಯ ಮುಂದೆ ರೊಟ್ಟಿ ಬಡಿಯುವ ಸಪ್ಪಳ ನಿಲ್ಲಲಿಲ್ಲ. ಬದನೆಕಾಯಿ ಪಲ್ಯ, ಹೆಸರುಕಾಳು, ಶೇಂಗಾ ಚಟ್ನಿ, ಮೊಸರು. ಉಂಡವರು ಏಳಲು ಮನಸ್ಸಿಲ್ಲದೆ ಕೂತರು. ಕಾಯುತ್ತ ನಿಂತವರು ಅವರ ಭುಜ ಹಿಡಿದು ಎಬ್ಬಿಸಿದರು.

ಬಾಳಪ್ಪ ಹೇಳಿದಂತೆ ನೀರು ಕೊಟ್ಟ. ಪ್ರತಿ ಪಂಕ್ತಿಗೂ ನೀರಿನ ಜೊತೆ ತನ್ನ ತಪ್ಪಿನ ಕತೆಯನ್ನೂ ಬಡಿಸಿದ. ಯಾರೂ ಕೇಳಿರಲಿಲ್ಲ, ಅವನೇ ಹೇಳಿದ. ನೆಲಕ್ಕೆ ಇಳಿಸಿ ಬಿಚ್ಚಿದ್ದು, ಪಾನಾ ಹಾರಿದ್ದು, ಪೈಪಿನೊಳಗೆ ಒಬ್ಬ ಹಮಾಲ ಸಿಕ್ಕಿದ್ದು. ಮೊದಲ ಪಂಕ್ತಿಯಲ್ಲಿ ಪಾನಾ ತಪೇಲಿಗೆ ಬಡಿದಿತ್ತು. ಎರಡನೆಯ ಪಂಕ್ತಿಯಲ್ಲಿ ಅದು ಬಾಳಪ್ಪನ ಕಿವಿಯ ಪಕ್ಕದಿಂದ ಹಾದುಹೋಗಿತ್ತು. ಮೂರನೆಯ ಪಂಕ್ತಿಯ ಹೊತ್ತಿಗೆ ಅವನ ತಲೆಯ ಟೊಪ್ಪಿಗೆ ಹಾರಿಹೋಗಿತ್ತು.

"ನೀವು ಟೊಪ್ಪಿಗಿ ಯಾವಾಗ ಹಾಕ್ಕೊಂಡಿದ್ರಿ?" ಎಂದು ಫಕೀರವ್ವ ಒಲೆಯ ಮುಂದಿನಿಂದ ಕೂಗಿದಳು. "ನಾಳಿಗೆ ನೀವು ಸತ್ತೇ ಹೋಗಿರ್ತೀರಿ ನೋಡ್ರಿ."

ಮಾರುಕಟ್ಟೆಯಲ್ಲಿ ಅವನಿಂದ ಪಾಠ ಕೇಳಿದ್ದ ಒಬ್ಬ ಹಮಾಲ ಎದ್ದು ನಿಂತ. "ಅಣ್ಣಾ, ನೆಲಕ್ಕ ಕುಂತ ಭಾರ ಏನೂ ಮಾಡೂದಿಲ್ಲ ಅಂತ ನನಗ ನೀನ ಹೇಳಿದ್ದಿ."

"ಹೇಳಿದ್ನೆಪಾ," ಎಂದ ಬಾಳಪ್ಪ. "ಅರ್ಧ ಹೇಳಿದ್ದೆ. ಮೊದಲ, ಹೊತ್ತಾವ ಯಾರು ಅಂತ ನೋಡು. ಇದನ್ನ ಹೇಳಬೇಕು ಅಂತ ನಿನ್ನೆತನಾ ನನಗ ಗೊತ್ತಿದ್ದಿಲ್ಲ. ಇನ್ನೊಂದು ರೊಟ್ಟಿ ಹಾಕಿಸ್ಕೊ."

ಖಾದರಸಾಬ ಸಾಕೆಂದು ಎಲೆಯ ಮೇಲೆ ಕೈ ಅಡ್ಡ ಹಿಡಿದ. ಫಕೀರವ್ವ ಅವನ ಕೈಯ ಮೇಲೆಯೇ ಬಿಸಿ ರೊಟ್ಟಿ ಹಾಕಿದಳು. ಅವನು ಕೈ ತೆಗೆಯಲೇಬೇಕಾಯಿತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕಣ್ಣೊರೆಸಿಕೊಳ್ಳುವಷ್ಟು ನಕ್ಕಿದ್ದ. ಅವರೆಕಾಯಿ ಮುಗಿದಿತ್ತು. ಅವನು ಸಿಪ್ಪೆಯನ್ನು ಒಂದು ಕಡೆ ಗುಡ್ಡೆ ಮಾಡುತ್ತ ಕುಳಿತ.

"ಅವನು ತನ್ನ ತಪ್ಪನ್ನು ತಾನೇ ಹೇಳಿಕೊಂಡು ನಕ್ಕದ್ದು ನನಗೆ ಹಿಡಿಸಿತು," ಎಂದ.

"ನನಗೂ ಅದೇ ಹಿಡಿಸಿದ್ದು," ಎಂದರು ಗುರುಗಳು.

ಶಿಷ್ಯ ಕೊನೆಯ ಹಿಡಿ ಸಿಪ್ಪೆಯನ್ನೂ ಗುಡ್ಡೆಗೆ ಸೇರಿಸಿದ.

"ನೀವು ಈ ಕತೆ ಯಾಕೆ ಹೇಳಿದಿರಿ ಎಂದು ತಿಳಿಯಿತು, ಗುರುಗಳೇ. ಮುಚ್ಚಿದ ಶಟರ್ ಹೊರಗಿನಿಂದ ಸುಮ್ಮನೆ ಕಾಣುತ್ತದೆ, ಒಳಗೆ ಬಿಗಿದುಕೊಂಡಿರುತ್ತದೆ. ಕೆಲವರ ಶಾಂತಿ ಹಾಗಿರುತ್ತದೆ, ನಿಜ. ನಾನೇ ಅಂಥವರನ್ನು ನೋಡಿದ್ದೇನೆ. ಆದರೆ ನನ್ನದು ಹಾಗಲ್ಲ. ನನ್ನೊಳಗೆ ಈಗ ಯಾವ ಸ್ಪ್ರಿಂಗೂ ಇಲ್ಲ. ಬೇಕಾದರೆ ಯಾವ ಬೋಲ್ಟನ್ನಾದರೂ ಬಿಚ್ಚಿ ನೋಡಿ. ಅವನು ಬಂದಾಗ ನಾನೇ ಕುರ್ಚಿ ಹಾಕಿ ಕೂರಿಸಿದೆ. ಅವನಿಗೆ ನೀರು ಕೊಟ್ಟೆ. ಅವನ ಮೇಲೆ ನನಗೇನೂ ಇಲ್ಲ."

"ಬಹಳ ಸಂತೋಷ," ಎಂದು ಗುರುಗಳು ಕಾಳಿನ ಬುಟ್ಟಿಯನ್ನು ಪಕ್ಕಕ್ಕೆ ಇಟ್ಟರು. ಶಿಷ್ಯನ ಮುಖವನ್ನು ನೋಡಿದರು. "ನಿನ್ನ ತಮ್ಮನ ಹೆಸರೇನು?"

ಶಿಷ್ಯ ಬಾಯಿ ತೆರೆದ. ಹನ್ನೊಂದು ವರ್ಷದಿಂದ ಅವನು ಆಡದ ಆ ಹೆಸರು ಹೊರಡಲಿಲ್ಲ.